ಓಟು ಹಾಕಿ ಕೊಟ್ಟ ನಗು

ಗುರುವಾರ, ಮಾರ್ಚ್ ೧೨
ನಮ್ಮ ಮನೆಯ ಊಟದ ಟೇಬಲ್ಲಿನಿಂದ

ಪ್ರೀತಿಯ ಲೀಡರಕ್ಕನಿಗೆ,

…ಆದರೆ ಅಕ್ಕ, ಆ ಹಲ್ಲು ನಮ್ಮ ಊಹೆ, ಆಕೆಯದ್ದಲ್ಲ. ಮೊನ್ನೆ ಈ ಸಾಲನ್ನು ಟೈಪ್ ಮಾಡಿ ಕಳಿಸಿದಾಗ ಒಂದು ಟಿಕ್ ಬಿದ್ದು ಅಲ್ಲೇ ನಿಂತುಬಿಟ್ಟಿತು. ನೆಟ್‌ವರ್ಕ್ ಇಲ್ಲವೇನೋ ಅಂದುಕೊಂಡು ಮೊಬೈಲ್ ಹಿಡಿದು ಟೆರೇಸಿಗೆ ಓಡಿದೆ. ಅಷ್ಟರಲ್ಲಿ ನಿಮ್ಮ ಫೋಟೋ ಮಾಯವಾಯಿತು. ಆಮೇಲೆ ಗ್ರೂಪೇ ಮಾಯವಾಯಿತು. ಅಡ್ಮಿನ್ ನಿಮ್ಮನ್ನು ತೆಗೆದುಹಾಕಿದ್ದಾರೆ ಅಂತ ಬಂತು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಅದಕ್ಕೇ ಈ ಕಾಗದ. ಪರೀಕ್ಷೆಯಲ್ಲಿ ಬಿಟ್ಟರೆ ನಾನು ಯಾರಿಗೂ ಪತ್ರ ಬರೆದವಳಲ್ಲ, ಅಲ್ಲೂ ಹೆಡ್‌ಮಾಸ್ಟರಿಗೆ ರಜೆ ಕೇಳಿ. ಅಂಚೆಗೆ ಹಾಕಿದರೆ ಭಾನುವಾರದೊಳಗೆ ಸೇರುತ್ತದೋ ಇಲ್ಲವೋ, ನಿಮ್ಮ ವರ್ಕ್‌ಶಾಪಿನ ಬಾಗಿಲ ಸಂದಿಯಲ್ಲಿ ತಳ್ಳಿ ಬರುತ್ತೇನೆ. ಬಾಗಿಲಿಗೆ ಬ್ಲಾಕ್ ಬಟನ್ ಇಲ್ಲವಲ್ಲ.

ಸಿಕ್ಕಾಪಟ್ಟೆ ಕೋಪ ಬಂದಿದೆ ಅಕ್ಕ. ಬೇರೆ ಯಾರ ಮೇಲಾದರೂ ಬಂದಿದ್ದರೆ ನಾಲ್ಕು ಕೆಂಪು ಮುಖದ ಎಮೋಜಿ ಒತ್ತಿ ಮಲಗುತ್ತಿದ್ದೆ. ನಿಮ್ಮ ಮೇಲೆ ಬಂದಿದೆಯಲ್ಲ, ಅದಕ್ಕೆ ಎಮೋಜಿ ಸಾಲುತ್ತಿಲ್ಲ. ನೀವು ಅಂದರೆ ನನಗೆ ಏನು ಅಂತ ನಿಮಗೆ ಗೊತ್ತು. ನಿಮ್ಮ ಒಂದು ಲೈವನ್ನೂ ತಪ್ಪಿಸಿಕೊಂಡವಳಲ್ಲ. ಗ್ರೂಪಿನಲ್ಲಿ ಯಾರಾದರೂ ನಿಮಗೆ ಎದುರು ಮಾತಾಡಿದರೆ ಅವರ ಹಳೇ ಮೆಸೇಜುಗಳನ್ನೆಲ್ಲ ಅಗೆದು ತೆಗೆದು, ಸ್ಕ್ರೀನ್‌ಶಾಟ್ ಸಮೇತ ಜಗಳಕ್ಕೆ ನಿಂತವಳು ನಾನು. ಬಾಯಿಬಡುಕಿ ಅಂತ ನನಗೆ ಹೆಸರಿಟ್ಟವರೇ ನೀವು. ಈಗ ಆ ಬಾಯಿ ನಿಮ್ಮ ಕಡೆ ತಿರುಗಿದೆ, ಸ್ವಲ್ಪ ಕೂತು ಕೇಳಿ.

ನಿಮಗೇ ನಿಮ್ಮ ಕಥೆ ಹೇಳಬೇಕಾಗಿದೆ, ಯಾಕೆಂದರೆ ನೀವು ಅದನ್ನು ಮರೆತಿದ್ದೀರಿ ಅಂತ ನನಗೆ ಅನುಮಾನ.

ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಹಿಂದಿನ ಗುಂಡಿಯಲ್ಲಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಒಬ್ಬ ಹೆಂಗಸಿನ ಮೂಳೆಗಳು ಸಿಕ್ಕವು. ಬುರುಡೆಯ ಹಿಂದೆ ಏಟಿನ ಗುರುತು. ಯಾರೋ ಹೊಡೆದು ಹಾಕಿದ್ದರು. ಯಾರು, ಯಾರನ್ನು, ಯಾಕೆ, ಒಂದಕ್ಕೂ ಉತ್ತರವಿಲ್ಲ. ಎರಡು ದಿನ ಸುದ್ದಿಯಾಯಿತು, ಆಮೇಲೆ ಮೂಳೆಗಳು ಮೆಡಿಕಲ್ ಕಾಲೇಜಿನ ಯಾವುದೋ ಕಪಾಟು ಸೇರಿದವು. ಎಲ್ಲರೂ ಮರೆತಿದ್ದರು. ನೀವು ಮರೆಯಲಿಲ್ಲ. ನಾಟಕದವರಿಗೆ ಮುಖವಾಡ ಮಾಡಿಕೊಡುವ ನೀವು ಠಾಣೆಗೆ ಅಲೆದು, ಕಾಲೇಜಿಗೆ ಅಲೆದು, ಬುರುಡೆಯ ಸ್ಕ್ಯಾನ್ ತಂದು, ಅದರ ಪ್ಲಾಸ್ಟಿಕ್ ನಕಲು ಮಾಡಿಸಿ, ಅದರ ಮೇಲೆ ಜೇಡಿಮಣ್ಣು ಹಚ್ಚಿ ಒಂದು ಮುಖ ತಂದಿರಿ. ಗ್ರೂಪ್ ಶುರುಮಾಡಿದ ದಿನ ನೀವು ಪಿನ್ ಮಾಡಿದ ಮಾತು ನನಗೆ ಬಾಯಿಪಾಠ. "ಈಕೆಗೆ ಒಂದು ಹೆಸರಿತ್ತು. ಅದನ್ನ ವಾಪಸ್ ಕೊಡೋದಷ್ಟೇ ನಮ್ಮ ಕೆಲಸ." ಓದಿ ಅತ್ತಿದ್ದೆ. ನಿಜವಾಗಿ.

ಆಮೇಲೆ ಏನು ಮಾಡಿದೆವು? ಪೋಲ್ ಹಾಕಿದೆವು.

ಕೂದಲು ಉದ್ದವೋ ಗಿಡ್ಡವೋ, ಪೋಲ್. ಉದ್ದ ಗೆದ್ದಿತು. ಹುಬ್ಬು ತೆಳುವೋ ದಪ್ಪವೋ, ಪೋಲ್. ಮೇಲಿನ ಸಾಲಿನಲ್ಲಿ ಎಡಕ್ಕೆ ನಾಲ್ಕು ಹಲ್ಲು ಇರಲಿಲ್ಲವಲ್ಲ, ನೀವು "ಮಣ್ಣಲ್ಲಿ ಬಿದ್ದುಹೋಗಿರುತ್ತೆ, ತುಂಬಿಸ್ತೀನಿ" ಅಂದಿರಿ. ತುಟಿ ಮುಚ್ಚಿರಬೇಕೋ, ಹಲ್ಲು ಕಾಣುವಂತೆ ನಗಬೇಕೋ, ಪೋಲ್. ಹಲ್ಲು ಕಾಣುವ ನಗು ಭರ್ಜರಿಯಾಗಿ ಗೆದ್ದಿತು. ಕೊಲೆಯಾದ ಒಬ್ಬ ಹೆಂಗಸು ಹೇಗೆ ನಗಬೇಕು ಅಂತ ನಾವು ಬೆರಳು ಒತ್ತಿ ತೀರ್ಮಾನ ಮಾಡಿದೆವು ಅಕ್ಕ, ಪಾರ್ಟಿಗೆ ಯಾವ ಕೇಕ್ ತರೋಣ ಅಂತ ಕೇಳುವ ಹಾಗೆ.

ಇಪ್ಪತ್ತೆರಡರ ಸುಂದರಿಯೊಬ್ಬಳು ಹುಟ್ಟಿದಳು. ನಗುಮೊಗದ ಹುಡುಗಿ ಅಂತ ಹೆಸರು ಬಿತ್ತು. ಸುಂದರಿ ಅಂದಮೇಲೆ ಪ್ರೇಮಿ ಬೇಡವೇ? ಅವನನ್ನೂ ಹುಟ್ಟಿಸಿದೆವು. ಅವನು ಬೈಕಿನವನೋ ಫ್ಯಾಕ್ಟರಿ ಮಾಲೀಕನ ಮಗನೋ ಅಂತ ಎರಡು ಬಣ ಆಗಿ ಹೊಡೆದಾಡಿದೆವು. ಅವಳ ಮುಖದ ಕೀಚೈನ್ ಬಂತು, ಮೊಬೈಲ್ ಕವರ್ ಬಂತು. ಠಾಣೆಯ ಗೋಡೆಗೂ ಅದೇ ಚಿತ್ರ ಹೋಯಿತು. ಈಗ ಇಷ್ಟು ಹುಡುಕಿದರೂ ಯಾರೂ ಬರಲಿಲ್ಲ ಅಂತ ಹೇಳಿ, ವಾರಸುದಾರರಿಲ್ಲದ ಮೂಳೆಗಳನ್ನು ಗ್ರೂಪಿನ ಹೆಸರಿಗೆ ಬರೆಸಿಕೊಂಡು, ಬರುವ ಭಾನುವಾರ ಸಭಾಂಗಣದಲ್ಲಿ ದೊಡ್ಡ ಪರದೆಯ ಮೇಲೆ ಆ ಮುಖ ತೋರಿಸಿ, ಕೆಳಗೆ ಮೂಳೆಗಳ ಪೆಟ್ಟಿಗೆ ಇಟ್ಟು ಬೀಳ್ಕೊಡುಗೆ. ಅಲ್ಲಿಂದ ನೇರವಾಗಿ ವಿದ್ಯುತ್ ಚಿತಾಗಾರ.

ಯಾರೂ ಬರಲಿಲ್ಲ ಅನ್ನುವುದು ಸುಳ್ಳು. ಬಂದಿದ್ದರು. ನಾವು ಬಾಗಿಲು ಹಾಕಿದೆವು.

ಸ್ಕೂಲ್ ವ್ಯಾನ್ ಓಡಿಸುವ ಒಬ್ಬ ಅಕ್ಕ ಗ್ರೂಪಿಗೆ ಸೇರಿ, ಐಸ್ ಫ್ಯಾಕ್ಟರಿಯ ಹತ್ತಿರದ ಲಾಡ್ಜಿನಲ್ಲಿ ಬಟ್ಟೆ ಒಗೆಯುತ್ತಿದ್ದ ತನ್ನ ಅಮ್ಮ ಮೂಳೆಗಳು ಸಿಗುವುದಕ್ಕೆ ಎರಡು ವರ್ಷ ಮೊದಲು ಕಾಣೆಯಾಗಿದ್ದಾರೆ ಅಂತ ಬರೆದಿದ್ದರು. ಅಮ್ಮನಿಗೆ ವಯಸ್ಸು ಐವತ್ತು ದಾಟಿತ್ತು ಅಂತಲೂ ಬರೆದಿದ್ದರು. ಡಿಲೀಟ್. ಮತ್ತೆ ಬರೆದರು. ಡಿಲೀಟ್, ಜೊತೆಗೆ ಎಚ್ಚರಿಕೆ: ವಯಸ್ಸು ಹೊಂದದ ಪೋಸ್ಟ್‌ಗಳಿಗೆ ಇಲ್ಲಿ ಅವಕಾಶವಿಲ್ಲ. ಮೂರನೇ ಸಲ ಅವರನ್ನೇ ತೆಗೆದುಹಾಕಿದಿರಿ. ಅಷ್ಟರೊಳಗೆ ಆಕೆ ನನಗೆ ಒಂದು ಮೆಸೇಜ್ ಕಳಿಸಿದ್ದರು. "ಏನಮ್ಮಾ, ನಿಮ್ಮ ಗ್ರೂಪಲ್ಲಿ ಸತ್ತೋರಿಗೂ ವಯಸ್ಸಿನ ಮಿತಿ ಇದ್ಯಾ?"

ನಾನು ಮೊದಲು ನಿಮ್ಮ ಪರವಾಗಿಯೇ ಉತ್ತರ ಟೈಪ್ ಮಾಡಿದೆ. ನಮಗೆ ನಿಯಮಗಳಿವೆ, ದಯವಿಟ್ಟು ಸಹಕರಿಸಿ ಅಂತೆಲ್ಲ. ಕಳಿಸುವ ಮೊದಲು ಓದಿದೆ. ಬ್ಯಾಂಕಿನ ಕೌಂಟರಿನಲ್ಲಿ ಬೈಸಿಕೊಂಡ ಹಾಗೆ ಅನ್ನಿಸಿತು. ಅಳಿಸಿ, ಬನ್ನಿ ಅಕ್ಕ ಮಾತಾಡೋಣ ಅಂದೆ.

ಶನಿವಾರ ಮಕ್ಕಳನ್ನೆಲ್ಲ ಇಳಿಸಿ, ವ್ಯಾನನ್ನು ನಮ್ಮ ಗೇಟಿನ ಎದುರೇ ನಿಲ್ಲಿಸಿ ಬಂದರು. ಗಟ್ಟಿ ಹೆಂಗಸು. ತೋಳು ಮಡಚಿದ ಶರ್ಟು, ಕತ್ತಿನಲ್ಲಿ ವಿಸಿಲು. ನಮ್ಮ ಅಮ್ಮ ನೀರು ಕೊಡುತ್ತ ಯಾವ ಸ್ಕೂಲು ಅಂತ ಕೇಳಿದರೆ, ಸ್ಕೂಲಿನ ಹೆಸರು ಬಿಟ್ಟು, ಯಾವ ಮಗು ಯಾವ ಸ್ಟಾಪಿನಲ್ಲಿ ವಾಂತಿ ಮಾಡುತ್ತದೆ ಅಂತೆಲ್ಲ ಹೇಳಿದರು. ಅಮ್ಮನಿಗೆ ಆಕೆ ಹಿಡಿಸಿಬಿಟ್ಟರು.

ನೀವು ನನಗೆ ಬಹುಮಾನ ಅಂತ ಒಂದು ಬುರುಡೆಯ ನಕಲು ಕೊಟ್ಟಿದ್ದಿರಲ್ಲ, ಮೊದಲನೇ ಪ್ರಿಂಟು, ಹಣೆಯ ಮೇಲೆ ಗೆರೆ ಬಿತ್ತು ಅಂತ ನೀವು ಪಕ್ಕಕ್ಕಿಟ್ಟಿದ್ದು? ನಿಮ್ಮ ಲೈವ್‌ನಲ್ಲಿ ಬೆನ್ನ ಹಿಂದೆ ಕಾಣುವ ನಕಲಿನಲ್ಲಿ ಹಲ್ಲು ತುಂಬಿಸಿದ್ದೀರಿ. ನನ್ನದರಲ್ಲಿ ಇಲ್ಲ. ಅದು ಸ್ಕ್ಯಾನಿನಲ್ಲಿ ಹೇಗೆ ಬಂತೋ ಹಾಗೇ ಇದೆ. ಅದು ನನ್ನ ಓದುವ ಮೇಜಿನ ಮೇಲೆ ಕೂತಿರುತ್ತದೆ. ಗುಡಿಸುವಾಗೆಲ್ಲ ಅಮ್ಮನದು ಒಂದೇ ರಾಗ, "ಬೇರೆ ಮನೆ ಹುಡುಗೀರು ಟೆಡ್ಡಿ ಇಟ್ಕೋತಾರೆ ಕಣೇ." ನಾನು ಹಾಕಿದ್ದ ಸೆಲ್ಫಿಯಲ್ಲಿ ಅದರ ಹಲ್ಲಿಲ್ಲದ ಜಾಗ ಕಂಡೇ ಗ್ರೂಪಿಗೆ ಸೇರಿದ್ದಂತೆ ವ್ಯಾನ್ ಅಕ್ಕ, ಅದನ್ನು ನೋಡಬೇಕು ಅಂದರು. ನಾನು ತಂದು ಈ ಟೇಬಲ್ ಮೇಲೆ ಇಟ್ಟೆ. ಆಕೆ ಮುಟ್ಟಲಿಲ್ಲ. ಬಗ್ಗಿ, ಬಾಯಿಯ ಜಾಗವನ್ನು ಮಾತ್ರ ನೋಡಿದರು.  ಆಮೇಲೆ ಬ್ಯಾಗಿನಿಂದ ಒಂದು ಸೋಪಿನ ಡಬ್ಬಿ ತೆಗೆದರು.

ಒಳಗೆ ಒಂದು ಹಲ್ಲಿನ ಸೆಟ್ಟು ಇತ್ತು ಅಕ್ಕ. ಪೂರ್ತಿ ಸೆಟ್ಟಲ್ಲ, ನಾಲ್ಕೇ ಹಲ್ಲು, ಗುಲಾಬಿ ಪ್ಲಾಸ್ಟಿಕ್ಕಿಗೆ ಕೂರಿಸಿದ್ದು. ಪಕ್ಕದ ನಿಜವಾದ ಹಲ್ಲುಗಳಿಗೆ ಸಿಕ್ಕಿಸಿಕೊಳ್ಳಲು ಎರಡು ಕಡೆ ತಂತಿಯ ಕೊಕ್ಕೆ.

ಆಕೆಯ ಅಮ್ಮ ಕಾಣೆಯಾದ ದಿನ ಸೆಟ್ಟಿನ ತಂತಿ ಒಸಡಿಗೆ ಚುಚ್ಚುತ್ತಿತ್ತಂತೆ. ಸಂಜೆ ಬಂದು ಸರಿಮಾಡಿಸಿಕೊಳ್ಳುತ್ತೇನೆ ಅಂತ ಲೋಟದ ನೀರಿನಲ್ಲಿ ಬಿಟ್ಟು ಕೆಲಸಕ್ಕೆ ಹೋದರಂತೆ. ಸಂಜೆ ಬರಲಿಲ್ಲ. ಲಾಡ್ಜಿನವರು ಆಕೆ ಸಂಬಳ ತಗೊಂಡು ಹೋದಳು ಅಂದರು. ಠಾಣೆಗೆ ಹೋದರೆ, "ಹಲ್ಲು ಮನೇಲಿಟ್ಟು ಹೋದೋಳು ಎಷ್ಟು ದೂರ ಹೋಗಿರ್ತಾಳೆ, ಹಸಿವಾದ್ರೆ ಬರ್ತಾಳೆ" ಅಂತ ನಕ್ಕರಂತೆ. ಈಕೆ ಆ ಲೋಟದ ನೀರನ್ನು ದಿನಾ ಬೆಳಿಗ್ಗೆ ಬದಲಾಯಿಸುತ್ತಿದ್ದರಂತೆ. "ಅಮ್ಮ ಬಂದು, ನನ್ನ ಹಲ್ಲು ವಾಸನೆ ಹೊಡೀತಾ ಇದೆ ಅಂತ ಬೈಬಾರ್ದಲ್ಲ" ಅಂದರು. ತಮಾಷೆಯಾಗಿಯೇ ಹೇಳಿದರು. ನಮ್ಮ ಅಮ್ಮ ಎದ್ದು ಒಲೆಯ ಕಡೆ ತಿರುಗಿ ನಿಂತುಕೊಂಡರು. ಒಲೆ ಆರಿತ್ತು.

ಕೂರಿಸಿ ನೋಡಿದೆವು. ಮೊದಲು ಕೂರಲಿಲ್ಲ. ಅಲ್ಲಾಡುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಅರ್ಧ ಸಮಾಧಾನವಾಯಿತು, ಸದ್ಯ ನಮ್ಮ ಲೀಡರಕ್ಕನೇ ಸರಿ ಅಂತ. ಆಗ ನಮ್ಮ ಅಮ್ಮ, "ಪೆದ್ದಿ, ಬರೀ ಮೂಳೆ ಮೇಲೆ ಸೆಟ್ಟು ನಿಲ್ಲುತ್ತಾ? ಒಸಡು ಯಾರು ಕೊಡ್ತಾರೆ?" ಅಂತ ಬೈದು, ಕಲಸಿಟ್ಟಿದ್ದ ಹಿಟ್ಟಿನಲ್ಲಿ ಒಂದು ಚೂರು ಹಿಸುಕಿ ಕೊಟ್ಟರು. ಒಸಡಿನಷ್ಟು ದಪ್ಪಕ್ಕೆ ಹಚ್ಚಿ ಮತ್ತೆ ಕೂರಿಸಿದೆ.

ಟಕ್ ಅಂತು.

ಆ ಖಾಲಿ ಜಾಗದ ಪಕ್ಕದಲ್ಲೇ, ಬಲಕ್ಕೆ, ಒಂದು ಹಲ್ಲು ಸ್ವಲ್ಪ ತಿರುಗಿ ನಿಂತಿದೆಯಲ್ಲ, ನೀವು ಮಣ್ಣು ಹಚ್ಚುವಾಗ ನೇರ ಮಾಡಿದ್ದು, ಅದಕ್ಕೆ ಸಿಕ್ಕಿಸುವ ಕೊಕ್ಕೆಯೂ ಸರಿಯಾಗಿ ಅಷ್ಟೇ ತಿರುಗಿತ್ತು. ತಿರುಗಿದ ಹಲ್ಲನ್ನು ತಿರುಗಿದ ತಂತಿ ತಬ್ಬಿ ಹಿಡಿಯಿತು. ಬುರುಡೆಯನ್ನು ತಲೆಕೆಳಗು ಮಾಡಿದೆ, ಬೀಳಲಿಲ್ಲ. ಹಲ್ಲಿಲ್ಲದ ಜಾಗವನ್ನು ಆವತ್ತು ಮೊದಲ ಸಲ ಬೆರಳಾಡಿಸಿ ನೋಡಿದೆ. ಮಣ್ಣಿನಲ್ಲಿ ಹಲ್ಲು ಉದುರಿದ್ದರೆ ಗುಳಿ ಇರಬೇಕಿತ್ತು. ಅಲ್ಲಿ ಗುಳಿಯೇ ಇಲ್ಲ, ನುಣ್ಣಗಿದೆ. ಆಕೆ ಬದುಕಿದ್ದಾಗಲೇ ಎಷ್ಟೋ ವರ್ಷ ಮೊದಲು ಹಲ್ಲು ಹೋಗಿ, ಗಾಯ ಮಾಗಿ, ಮೂಳೆ ಮುಚ್ಚಿಕೊಂಡಿತ್ತು. ಇಷ್ಟು ದಿನ ಪಕ್ಕದಲ್ಲೇ ಇಟ್ಟುಕೊಂಡು ಓದಿದ್ದೇನೆ, ಸೆಲ್ಫಿ ತೆಗೆದುಕೊಂಡಿದ್ದೇನೆ, ಒಂದು ಸಲವೂ ಬೆರಳಿಡಲಿಲ್ಲ. ನಾವ್ಯಾರೂ ಇಡಲಿಲ್ಲ. ಎಲ್ಲರೂ ಅವಳ ಪ್ರೇಮಿಯನ್ನು ಹುಡುಕುತ್ತಿದ್ದೆವು.

ವ್ಯಾನ್ ಅಕ್ಕ ಅಳುತ್ತಾರೆ ಅಂದುಕೊಂಡೆ. ಆಕೆ ಬುರುಡೆಯ ಕಡೆ ನೋಡುತ್ತ, "ಈಗ ಬಾಯ್ತುಂಬ ಹಲ್ಲಿದ್ಯಲ್ಲ, ಮಾತಾಡು" ಅಂದರು. ಅಷ್ಟೇ. ಆಮೇಲೆ ಕರವಸ್ತ್ರದಿಂದ ಹಿಟ್ಟು ಒರೆಸಿ ಸೆಟ್ಟನ್ನು ಡಬ್ಬಿಗೆ ಹಾಕಿಕೊಂಡರು.

ಇದು ಸಾಕ್ಷಿ ಅಲ್ಲ ಅಂತ ನನಗೂ ಗೊತ್ತು ಅಕ್ಕ. ನೀವೇ ಕಲಿಸಿದ್ದು, ಊಹೆ ಬೇರೆ, ಸಾಕ್ಷಿ ಬೇರೆ ಅಂತ. ಮಗಳ ರಕ್ತವನ್ನು ಮೂಳೆಯ ಜೊತೆ ಹೋಲಿಸಿ ನೋಡಿದರೆ ಮಾತ್ರ ತೀರ್ಮಾನ. ಅದಕ್ಕೇ ಸೋಮವಾರ ಇಬ್ಬರೂ ಠಾಣೆಗೆ ಹೋದೆವು.

ಅಲ್ಲಿನ ಅಧಿಕಾರಿ ಒಳ್ಳೆಯವರೇ. ಕೂರಿಸಿದರು, ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಗೋಡೆಯ ಕಡೆ ಕೈ ತೋರಿಸಿ, "ನೋಡಮ್ಮ, ನಮ್ಮಲ್ಲಿರೋದು ಇಪ್ಪತ್ತೆರಡರ ಹುಡುಗಿ. ನೀವು ತಂದಿರೋದು ಐವತ್ತೆರಡರ ಹೆಂಗಸು. ಹೇಗೆ ಕಳಿಸಲಿ?" ಅಂದರು.

"ಇಪ್ಪತ್ತೆರಡು ಅಂತ ಡಾಕ್ಟರ್ ಹೇಳಿದ್ರಾ ಸರ್?" ಅಂತ ನಾನು ಕೇಳಿದೆ.

"ಇಲ್ಲಮ್ಮ, ಡಾಕ್ಟರು ವಯಸ್ಕ ಹೆಂಗಸು, ವಯಸ್ಸು ಖಚಿತವಾಗಿ ಹೇಳೋಕಾಗಲ್ಲ ಅಂದಿದ್ರು. ಇಪ್ಪತ್ತೆರಡು ಅಂತ ಆಮೇಲೆ ಸೇರಿಸಿದ್ದು."

"ಯಾರು ಹೇಳಿದ್ದಕ್ಕೆ?"

"ನಿಮ್ಮ ಗ್ರೂಪಿನ ಮೇಡಂ ಚಿತ್ರದ ಕೆಳಗೆ ಬರೆದು ಕೊಟ್ಟಿದ್ರಲ್ಲ."

 ನಾವು ಲೈವ್‌ನಲ್ಲಿ ಪ್ರತಿ ಸಲ ಹೇಳುತ್ತಿದ್ದೆವು, ಪೊಲೀಸರ ಪ್ರಕಾರ ಆಕೆಗೆ ಇಪ್ಪತ್ತೆರಡು ಅಂತ. ಪೊಲೀಸರು ಹೇಳುತ್ತಿದ್ದರು, ಗ್ರೂಪಿನವರ ಪ್ರಕಾರ ಆಕೆಗೆ ಇಪ್ಪತ್ತೆರಡು ಅಂತ. ಇಬ್ಬರೂ ಸೇರಿ ಒಬ್ಬ ಅಮ್ಮನನ್ನು ಮಾಯ ಮಾಡಿದ್ದೆವು. ಚಿತ್ರ ಮಾಡಿದವರು ವಯಸ್ಸೂ ಹಲ್ಲೂ ತಮ್ಮ ಊಹೆ ಅಂತ ಎರಡು ಸಾಲು ಬರೆದುಕೊಟ್ಟರೆ, ಅವತ್ತೇ ಮೂಳೆಗಳ ಹಸ್ತಾಂತರ ನಿಲ್ಲಿಸಿ ರಕ್ತ ತೆಗೆಸುತ್ತೇನೆ ಅಂದರು ಆ ಅಧಿಕಾರಿ. ಎರಡೇ ಸಾಲು.

ಮಂಗಳವಾರ ಕುಣಿಯುತ್ತ ನಿಮ್ಮ ವರ್ಕ್‌ಶಾಪಿಗೆ ಬಂದೆ. ನಿಜಕ್ಕೂ ಕುಣಿಯುತ್ತ. ದಾರಿಯಲ್ಲಿ ನಿಮ್ಮ ಮುಖ ಹೇಗೆ ಅರಳಬಹುದು ಅಂತ ಊಹಿಸಿಕೊಂಡೇ ಬಂದೆ. ಇಷ್ಟು ದಿನ ಹುಡುಕಿದ್ದು ಸಿಕ್ಕಿದೆಯಲ್ಲ! ನೀವು ಪ್ಲಾಸ್ಟರ್ ಕಲಸುತ್ತಿದ್ದಿರಿ, ಗೋಡೆ ತುಂಬ ಮುಖವಾಡಗಳು, ಮೂಲೆಯಲ್ಲಿ ಭಾನುವಾರಕ್ಕೆ ಅಂತ ಸುತ್ತಿಟ್ಟ ಪರದೆ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ನಿಮ್ಮ ಕೈ ನಿಂತಿತು. ಪ್ಲಾಸ್ಟರ್ ಬಟ್ಟಲಲ್ಲೇ ಗಟ್ಟಿಯಾಗುತ್ತಾ ಹೋಯಿತು.

"ಯಾರಿಗಾದ್ರೂ ಹೇಳಿದ್ಯಾ?" ಅಂದಿರಿ. ಅದು ನಿಮ್ಮ ಮೊದಲ ಮಾತು.

ಆಮೇಲೆ ಹಲ್ಲಿನ ಸೆಟ್ಟುಗಳೆಲ್ಲ ಒಂದೇ ತರಹ ಇರುತ್ತವೆ ಅಂದಿರಿ. ಆಮೇಲೆ ಜನ ಹೆಸರಿಗಾಗಿ ಏನೇನೋ ಕಥೆ ಕಟ್ಟಿಕೊಂಡು ಬರುತ್ತಾರೆ ಅಂದಿರಿ. ಸೋಪಿನ ಡಬ್ಬಿಯಲ್ಲಿ ಅಮ್ಮನ ಹಲ್ಲು ಇಟ್ಟುಕೊಂಡು, ಮಧ್ಯಾಹ್ನದ ಟ್ರಿಪ್ಪಿಗೆ ತಡವಾಗುತ್ತದೆ ಅಂತ ಒದ್ದಾಡುವ ಹೆಂಗಸಿಗೆ ಯಾವ ಹೆಸರು ಬೇಕಾಗಿದೆ ಅಕ್ಕ? ನಾನು ಬಿಡಲಿಲ್ಲ. ಹಾಗಾದರೆ ನೀವೇ ಒಂದು ಸಲ ಕೂರಿಸಿ ನೋಡಿ ಅಂದೆ. ಆಗ ನೀವು ಕುರ್ಚಿ ಎಳೆದುಕೊಂಡು, ನನ್ನ ಕೈ ಹಿಡಿದುಕೊಂಡು, ಪ್ರೀತಿಯಿಂದಲೇ ಹೇಳಿದಿರಿ.

"ಪುಟ್ಟಿ, ಹಲ್ಲಿಲ್ಲದ ಮುದುಕೀನ ಯಾರು ಶೇರ್ ಮಾಡ್ತಾರೆ ಹೇಳು? ಆ ಮುಖ ಇತ್ತು ಅಂತ ತಾನೇ ಇಷ್ಟು ಜನ ಬಂದ್ರು? ಅವಳಿಗೆ ಯಾರೂ ಇಲ್ಲದಾಗ ನಾವು ಇದ್ವಿ. ಭಾನುವಾರ ಚೆಂದವಾಗಿ ಕಳಿಸಿಕೊಡೋಣ. ಆಮೇಲೆ ನಿಧಾನಕ್ಕೆ ನೋಡೋಣ."

ಆಮೇಲೆ ಏನನ್ನು ನೋಡುವುದು? ಬೂದಿಯನ್ನೇ? ಸುಟ್ಟ ಮೇಲೆ ಹೋಲಿಸಲು ಏನು ಉಳಿಯುತ್ತದೆ? ನಿಮಗೆ ಇದು ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ, ನನಗೆ ಇದನ್ನು ಕಲಿಸಿದವರು ನೀವು.

ಇನ್ನೊಂದು ವಿಷಯ ನೀವು ಯೋಚಿಸಿದ್ದೀರಾ? ಇಪ್ಪತ್ತೆರಡರ ಹುಡುಗಿ ಆಗಿರುವಷ್ಟು ದಿನ ಎಲ್ಲರೂ ಪ್ರೇಮಿಯನ್ನು ಹುಡುಕುತ್ತಾರೆ. ಐವತ್ತೆರಡರ, ಮೊಣಕಾಲು ನೋವಿನ, ಲಾಡ್ಜಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಅಂತಾದ ಕ್ಷಣ, ಆ ದಿನ ಆಕೆಯನ್ನು ಕೊನೆಗೆ ನೋಡಿದವರು ಯಾರು, ಸಂಬಳ ತಗೊಂಡು ಹೋದಳು ಅಂದವರು ಯಾರು ಅಂತ ಯಾರಾದರೂ ಕೇಳಲೇಬೇಕಾಗುತ್ತದೆ. ಹೊಡೆದವನು ಯಾರೋ ಇದ್ದಾನಲ್ಲ, ಅವನೂ ನಮ್ಮ ಗ್ರೂಪಿನಲ್ಲಿ ಇರಬಹುದು. ನಗುಮೊಗದ ಹುಡುಗಿಯ ಚಿತ್ರಕ್ಕೆ ಹೂವಿನ ಎಮೋಜಿ ಹಾಕುತ್ತಿರಬಹುದು. ನಮ್ಮಷ್ಟು ಸಹಾಯ ಅವನಿಗೆ ಬೇರೆ ಯಾರೂ ಮಾಡಿಲ್ಲ.

ನಾನು ನಿಮ್ಮನ್ನು ಕೆಟ್ಟವರು ಅನ್ನುತ್ತಿಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು, ಅನ್‌ಫಾಲೋ ಮಾಡಿ ಸುಮ್ಮನಾಗುತ್ತಿದ್ದೆ. ಆ ಮೂಳೆಗಳನ್ನು ಮೊದಲು ಹೆಂಗಸು ಅಂತ ನೋಡಿದವರು ನೀವು. ಆಮೇಲೆ ನಿಮ್ಮ ಕೈಯಿಂದ ಬಂದ ಮುಖ ಎಷ್ಟು ಚೆನ್ನಾಗಿತ್ತು ಅಂದರೆ, ನಿಮಗೆ ಅದರ ಮೇಲೇ ಪ್ರೀತಿ ಬಂದುಬಿಟ್ಟಿತು. ಅವಳ ಮೇಲಲ್ಲ, ಮುಖದ ಮೇಲೆ. ನಮಗೆಲ್ಲರಿಗೂ ಬಂತು. ಆ ಚಂದದ ಮುಖದ ಹಿಂದೆ ಒಬ್ಬ ಸುಸ್ತಾದ ಅಮ್ಮ ಇಷ್ಟು ದಿನ ಬೋಳುಬಾಯಿ ಬಿಟ್ಟುಕೊಂಡು ಕೂತಿದ್ದಾಳೆ, ನಾವು ಆಕೆಯ ಮುಂದೆ ಮೇಣದಬತ್ತಿ ಹಚ್ಚಿ ಫೋಟೋ ತೆಗೆದುಕೊಳ್ಳುತ್ತಿದ್ದೇವೆ.

ವ್ಯಾನ್ ಅಕ್ಕ ಭಾನುವಾರ ಬರುವುದಿಲ್ಲವಂತೆ. "ಬೇರೆ ಯಾರದೋ ಮುಖ ಹಾಕಿ ನಮ್ಮಮ್ಮನ್ನ ಸುಡೋದನ್ನ ನಾನು ಕೂತು ನೋಡ್ಲಾ? ನಾನೇನು ಕಲ್ಲಾ ಮರಿ?" ಅಂದರು. ಒಂದು ವೇಳೆ ರಕ್ತ ಹೊಂದದೇ ಹೋದರೆ ಅಂತ ನಾನು ಹೆದರುತ್ತ ಕೇಳಿದೆ. "ಹೊಂದದಿದ್ರೆ ಹುಡುಕ್ತೀನಿ. ಗೊತ್ತಿಲ್ದೇ ಸುಟ್ಟುಬಿಟ್ರೆ ಏನಂತ ಹುಡುಕ್ಲಿ?" ಅಂದರು.  ನಿಮ್ಮ ಹತ್ತಿರ ಇದಕ್ಕೆ ಉತ್ತರ ಇದ್ದರೆ ಅವರಿಗೇ ಹೇಳಿ, ಅವರ ನಂಬರನ್ನು ಕಾಗದದ ಹಿಂದೆ ಬರೆದಿದ್ದೇನೆ.

ಎರಡು ಸಾಲು ಕೇಳುತ್ತಿದ್ದೇನೆ. ಹಲ್ಲು ನನ್ನ ಊಹೆ. ವಯಸ್ಸು ನನ್ನ ಊಹೆ. ಇಷ್ಟು ಬರೆದು ಸಹಿ ಮಾಡಿ ನಾಳೆ ಸಂಜೆಯೊಳಗೆ ಠಾಣೆಗೆ ಕೊಡಿ. ಬೈದರೆ ಬೈಲಿ, ಸದಸ್ಯರು ಬಿಟ್ಟುಹೋದರೆ ಹೋಗಲಿ. ಕೀಚೈನುಗಳನ್ನು ನಾನೇ ಮನೆಮನೆಗೆ ಹೋಗಿ ವಾಪಸ್ ತರುತ್ತೇನೆ. ನೀವು ಸಹಿ ಮಾಡಿದ ಮರುಕ್ಷಣ ನಾನು ಮತ್ತೆ ನಿಮ್ಮ ಬಾಯಿಬಡುಕಿ, ನಿಮ್ಮ ಪರವಾಗಿ ಇಡೀ ಜಗತ್ತಿನ ಜೊತೆ ಜಗಳಕ್ಕೆ ರೆಡಿ. ನೀವು ಪಿನ್ ಮಾಡಿದ್ದ ಆ ಮಾತನ್ನು ನಾನಿನ್ನೂ ನಂಬುತ್ತೇನೆ. ನೀವು ನಂಬುತ್ತೀರಾ ಅಂತ ಮಾತ್ರ ಈಗ ಗೊತ್ತಿಲ್ಲ.

ಇಷ್ಟು ಹೊತ್ತೂ ಬೈಯುತ್ತಲೇ ನಿಮ್ಮನ್ನು ಅಕ್ಕ ಅಂತಲೇ ಕರೆದವಳು,

ನಿಮ್ಮ
ಬಾಯಿಬಡುಕಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಠಾಣೆಯಿಂದ ವಾಪಸ್ ಬರುವಾಗ ವ್ಯಾನ್ ಅಕ್ಕ ಸಿಗ್ನಲ್ಲಿನಲ್ಲಿ ನನ್ನ ಕಡೆ ತಿರುಗಿ, "ಮರಿ, ಸ್ವಲ್ಪ ನಗು ನೋಡೋಣ" ಅಂದರು. ನಕ್ಕೆ. "ಅದೇ ಅಂದ್ಕೊಂಡೆ" ಅಂದರು.

ನನ್ನ ಎಡಗಡೆ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದೆ. ನಗುಮೊಗದ ಹುಡುಗಿಯದ್ದೂ ಹಾಗೇ. ಪೋಲ್ ಮುಗಿದ ದಿನ, ಹಲ್ಲು ಕಾಣುವ ಹಾಗೆ ನಕ್ಕು ಒಂದು ಫೋಟೋ ಕಳಿಸು ಪುಟ್ಟಿ, ಸುಮ್ಮನೆ ನೋಡೋಕೆ ಅಂತ ನೀವು ನನಗೆ ಬೇರೆಯಾಗಿ ಮೆಸೇಜ್ ಮಾಡಿದ್ದಿರಿ. ಚಿತ್ರ ಬಂದಾಗಲೇ ನನಗೆ ಗೊತ್ತಾಯಿತು, ಅದು ನನ್ನ ಬಾಯಿ. ಎಷ್ಟು ಖುಷಿಪಟ್ಟೆ ಗೊತ್ತಾ, ಲೀಡರಕ್ಕ ನನ್ನ ನಗುವನ್ನೇ ಆರಿಸಿದರು ಅಂತ. ಆಮೇಲೆ ನೀವು ಪ್ರತಿ ಲೈವ್‌ನಲ್ಲೂ ಆ ಕೋರೆಹಲ್ಲಿಗೆ ಬಾಣದ ಗುರುತು ಹಾಕಿ, "ಈ ಹಲ್ಲು ಇವಳ ಗುರುತು, ಮನೆಯವರು ನೋಡಿದ ಕೂಡಲೇ ಹಿಡೀತಾರೆ" ಅಂದಿರಿ. ಮನೆಯವರು ನೋಡಿದರು ಅಕ್ಕ. ನಮ್ಮಮ್ಮನಿಗೆ ಇಂಥ ಹಲ್ಲಿರಲಿಲ್ಲ ಅಂತ ವ್ಯಾನ್ ಅಕ್ಕ ಒಂದು ವರ್ಷ ಸುಮ್ಮನಿದ್ದರು, ಈ ಹಾಳು ಬಾಯಿ ನೋಡಿ.

ನೀವು ಸಹಿ ಮಾಡದಿದ್ದರೆ ಭಾನುವಾರ ನಾನು ಸಭಾಂಗಣಕ್ಕೆ ಬರುತ್ತೇನೆ. ಜಗಳ ಮಾಡುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಆ ದೊಡ್ಡ ಪರದೆಯ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ನಿಂತು, ಹಲ್ಲು ಬಿಟ್ಟು ನಗುತ್ತೇನೆ. ಜನ ಒಮ್ಮೆ ಮೇಲೆ ನೋಡುತ್ತಾರೆ, ಒಮ್ಮೆ ನನ್ನನ್ನು ನೋಡುತ್ತಾರೆ, ಆಮೇಲೆ ನಿಮ್ಮ ಕಡೆ ತಿರುಗಿ, ಹಾಗಾದರೆ ಆ ಪೆಟ್ಟಿಗೆಯಲ್ಲಿ ಯಾರಿದ್ದಾರೆ ಅಂತ ಕೇಳುತ್ತಾರೆ. ಆಗ ಏನು ಹೇಳ್ತೀರಾ, ಅಕ್ಕ?